ಕೋಟೆಯ ಮಣ್ಣೂ ಕಾರ್ಖಾನೆಯ ಕೀಲಿಯೂ



ಕಳೆದ ತಿಂಗಳು ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲೋಪರಿಯಾದ ಮೇಲೆ, "ಸರ್, ಬೀದರಿನ್ಯಾಗ ಒಂದು ಮೇಕರ್‌ಸ್ಪೇಸ್ ಮಾಡಬೇಕಂತ ನಾವು ನಾಕು ಮಂದಿ ಕೂಡೀವ್ರಿ. ಪಾಲಿಕೆಯವರು ಜಾಗ ಕೊಟ್ರ ಆಗ್ತದೋ ಇಲ್ಲೋ? ನಿಮಗ ಏನನಸ್ತದ್ರಿ?" ಎಂದು ಕೇಳಿದ. ಆ ಶಬ್ದದ ಅರ್ಥವನ್ನು ಮೊದಲು ನಾನೇ ಅವನಿಂದ ಕೇಳಿ ತಿಳಿಯಬೇಕಾಯಿತು. ಊರಿನವರೆಲ್ಲ ಬಂದು ಬಳಸಬಹುದಾದ ಸಾಮೂಹಿಕ ಕಾರ್ಯಾಗಾರವೆಂದು ಅವನು ವಿವರಿಸಿದ. ಬಡಗಿಯ ಉಪಕರಣದಿಂದ ಹಿಡಿದು ಗಣಕಯಂತ್ರದ ಆಜ್ಞೆಯಂತೆ ಲೋಹವನ್ನು ಕೊರೆಯುವ ಯಂತ್ರದವರೆಗೆ ಎಲ್ಲವೂ ಅಲ್ಲಿರುತ್ತವೆ. ಬಲ್ಲವನು ಬಾರದವನಿಗೆ ಕಲಿಸುತ್ತಾನೆ. ಆಗ ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಇತಿಹಾಸದ ಮೇಷ್ಟರಿಗೆ ಭವಿಷ್ಯದ ಪ್ರಶ್ನೆ ಕೇಳಿದರೆ ಅವರು ಹಿಂದಿನದನ್ನು ತಿರುವಿ ಹಾಕಿಯೇ ಉತ್ತರಿಸಬೇಕು. ಈ ಬರಹ ಅವನಿಗೆ ನನ್ನ ತಡವಾದ ಉತ್ತರ. ನಿಮಗೂ ಇರಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೀದರಿಗೆ ಸಾಮೂಹಿಕ ಕಾರ್ಯಾಗಾರ ಹೊಸತೇನಲ್ಲ. ಬಹಮನಿ ಸುಲ್ತಾನ ಅಹಮದ್ ಶಾಹ ವಲಿ (ಆಳ್ವಿಕೆ 1422-1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಇರಾನು, ಮಧ್ಯ ಏಷ್ಯಾಗಳಿಂದ ಶಿಲ್ಪಿಗಳೂ ಲಿಪಿಕಾರರೂ ವಿದ್ವಾಂಸರೂ ಇಲ್ಲಿಗೆ ಬಂದರು. ಮಂತ್ರಿ ಮಹಮೂದ್ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಉಳಿದಿರುವ ಬಣ್ಣದ ಹೆಂಚುಗಳನ್ನು ನೀವೆಲ್ಲ ಶಾಲಾ ಪ್ರವಾಸದಲ್ಲಿ ನೋಡಿದ್ದೀರಿ. ಬಿದರಿ ಕಲೆಯೂ ಹಾಗೆಯೇ ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬನ ಜೊತೆ ಇಲ್ಲಿಗೆ ಬಂತೆಂಬ ಐತಿಹ್ಯವಿದೆ. ಇಂದು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಬಿದರಿ ಪಾತ್ರೆಗಳು ಮಾತ್ರ ಹದಿನೇಳನೆಯ ಶತಮಾನದವು. ಬಂದ ಕಲೆ ಇಲ್ಲಿಯ ಮಣ್ಣಿಗೆ ಹೊಂದಿಕೊಂಡು, ಊರಿನ ಹೆಸರನ್ನೇ ತನ್ನ ಹೆಸರಾಗಿ ಮಾಡಿಕೊಂಡಿತು.

ಇದು ಒಬ್ಬನೇ ಕುಳಿತು ಮಾಡುವ ಕೆಲಸವಲ್ಲ ಎಂಬುದನ್ನು ಗಮನಿಸಬೇಕು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ, ಔಡಲೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಒಬ್ಬನು ಎರಕ ಹೊಯ್ಯುತ್ತಾನೆ. ಇನ್ನೊಬ್ಬನು ಅರ ಹಾಕಿ ನುಣುಪು ಮಾಡುತ್ತಾನೆ. ಬಿಳಿಯ ಲೋಹದ ಮೇಲೆ ಗೆರೆ ಕಾಣಲೆಂದು ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಮೂರನೆಯವನು ಸಣ್ಣ ಉಳಿಯಿಂದ ಬಳ್ಳಿಯನ್ನೋ ಹೂವನ್ನೋ ಕೊರೆಯುತ್ತಾನೆ. ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ ಸುತ್ತಿಗೆಯಿಂದ ತಟ್ಟುವುದು ತಾರಕಶಿ. ಬೆಳ್ಳಿಯ ತಗಡನ್ನು ಕೂರಿಸಿದರೆ ಅದು ತೆಹ್‌ನಿಶಾನ್. ಎಲ್ಲ ಮುಗಿದ ಮೇಲೆ ಕೊನೆಗೆ ಬರುವುದು ಕೋಟೆಯ ಮಣ್ಣು. ಅದನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಉಜ್ಜಿದೊಡನೆ ಲೋಹವೆಲ್ಲ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಳೆಯ ಗೋಡೆಗಳ ಬದಿಯ ಮಣ್ಣಿನಲ್ಲಿ ಕೂಡಿರುವ ನೈಟ್ರೇಟ್ ಲವಣಗಳೂ ಮಿಶ್ರಲೋಹದ ತಾಮ್ರವೂ ಸೇರಿ ಈ ಕಪ್ಪನ್ನು ಕೊಡುತ್ತವೆಂದು ಲೋಹಶಾಸ್ತ್ರಜ್ಞರು ವಿವರಿಸುತ್ತಾರೆ.

ಒಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಬೀದರಿನ ಕಾರ್ಖಾನೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ವಯಸ್ಸಾದ ಕುಶಲಕರ್ಮಿಯೊಬ್ಬರು ಡಬ್ಬಿಯಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಹಚ್ಚಿ, ತಲೆಯಾಡಿಸಿ, ಇನ್ನೊಂದು ಡಬ್ಬಿ ತರಿಸಿದರು. "ಸರ್, ಇವರು ಮಣ್ಣು ತಿಂದ್ರಲ್ರಿ!" ಎಂದು ಹುಡುಗಿಯೊಬ್ಬಳು ಕೂಗಿದಳು. ಮುದುಕರು ನಕ್ಕು, ರುಚಿ ನೋಡದೆ ಅಡುಗೆ ಮಾಡುವುದುಂಟೇ ಎಂದು ತಮ್ಮ ದಖ್ಖನಿಯಲ್ಲಿ ಕೇಳಿದರು. ಯಾವ ಮಣ್ಣು ಕಪ್ಪು ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬ ತಿಳಿವಳಿಕೆ ಆ ನಾಲಿಗೆಯಲ್ಲಿತ್ತು. ಅದನ್ನು ಬರೆದಿಡುವ ಕಾಗದ ಯಾವ ಕಚೇರಿಯಲ್ಲಿಯೂ ಇರಲಾರದೆಂದು ನನಗೆ ಆ ದಿನ ಅನ್ನಿಸಿತ್ತು.

ಈಗ ಇತಿಹಾಸದ ಪ್ರಶ್ನೆಗೆ ಬರೋಣ. ಈ ಕಾರ್ಖಾನೆಗಳಿಗೂ ಆಳುವವರಿಗೂ ಇದ್ದ ಸಂಬಂಧ ಎಂಥದು? ಮೊದಲಿನದು ಆಶ್ರಯದ ಸಂಬಂಧ. ಹುಕ್ಕಾ, ಹೂಜಿ, ಪಾನದಾನಿ, ಪೀಕದಾನಿಗಳು ದರ್ಬಾರಿಗೆ ಬೇಕಾಗಿದ್ದವು, ದರ್ಬಾರು ಕೊಂಡಿತು. ಬಹಮನಿಗಳ ನಂತರ ಬರೀದ್ ಶಾಹಿಗಳು, 1619ರಲ್ಲಿ ಬಿಜಾಪುರದ ಆದಿಲ್ ಶಾಹಿಗಳು, 1657ರಲ್ಲಿ ಔರಂಗಜೇಬನ ಮೂಲಕ ಮೊಗಲರು, ಹದಿನೆಂಟನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮರು ಬೀದರಿಗೆ ಒಡೆಯರಾದರು. ಒಡೆಯರು ಬದಲಾದಂತೆ ಕಸಬುದಾರರ ಗಿರಾಕಿಗಳೂ ಬದಲಾದರು. ರಾಜಧಾನಿ ಹೈದರಾಬಾದೇ ಆದಮೇಲೆ ಬಿದರಿ ಕುಶಲಿಗಳಲ್ಲಿ ಅನೇಕರು ಅಲ್ಲಿಗೇ ಹೋಗಿ ನೆಲೆಸಿದರು. ಆಶ್ರಯವೆಂಬುದು ಮರದ ನೆರಳಿದ್ದಂತೆ. ಹೊತ್ತು ತಿರುಗಿದರೆ ಅದೂ ತಿರುಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಬಗೆಯ ಸಂಬಂಧ ಕಾಣಿಸಿಕೊಂಡಿತು: ಪ್ರದರ್ಶನದ ಸಂಬಂಧ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಬಿದರಿ ವಸ್ತುಗಳಿದ್ದವು, ನೋಡಿದವರು ಮೆಚ್ಚಿದರು, ಐರೋಪ್ಯ ವಿದ್ವಾಂಸರು ತಯಾರಿಕೆಯ ಕ್ರಮವನ್ನು ಬರೆದುಕೊಂಡರು. ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಒಳ್ಳೆಯ ಬಿದರಿ ಸಂಗ್ರಹವಿದೆ. ಮೆಚ್ಚುಗೆಯೂ ಪದಕವೂ ಕಲೆಗೆ ಕೀರ್ತಿ ತಂದವು, ನಿಜ. ಆದರೆ ಮಾಡಿದವನು ನಾಳೆ ಸತುವು ಎಲ್ಲಿಂದ ತರಬೇಕು, ಮಗನನ್ನು ಈ ಕಸಬಿನಲ್ಲಿ ಕೂರಿಸಬೇಕೋ ಬೇಡವೋ ಎಂಬುದನ್ನು ಯಾವ ಪ್ರದರ್ಶನವೂ ಕೇಳಲಿಲ್ಲ.

ಮೂರನೆಯದು ಸ್ವಾತಂತ್ರ್ಯಾನಂತರದ್ದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ, 1964ರಲ್ಲಿ ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿದವು. ಕಾವೇರಿ ಮಳಿಗೆಗಳಲ್ಲಿ ಬಿದರಿ ಮಾರಾಟಕ್ಕೆ ಬಂತು. ಬೀದರಿನಲ್ಲಿ ಕುಶಲಕರ್ಮಿಗಳಿಗಾಗಿ ಬಿದರಿ ಕಾಲೊನಿ ಎದ್ದಿತು. ಬಳಿಕ 2005-06ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಬೀದರಿನ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯವರೆಲ್ಲ ನಮ್ಮ ಮನೆಗೇ ಬಂದಂತೆ ಹಿಗ್ಗಿದೆವು.

ಇವುಗಳಲ್ಲಿ ಭೌಗೋಳಿಕ ಗುರುತಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. 1999ರಲ್ಲಿ ಅಂಗೀಕಾರಗೊಂಡು 2003ರಲ್ಲಿ ಜಾರಿಗೆ ಬಂದ ಈ ಕಾಯಿದೆಯ ಪ್ರಕಾರ ಹೆಸರಿನ ಹಕ್ಕು ಒಬ್ಬ ವ್ಯಾಪಾರಿಯದಾಗುವುದಿಲ್ಲ. ಆ ಪ್ರದೇಶದಲ್ಲಿ ಆ ವಸ್ತುವನ್ನು ಮಾಡುವವರೆಲ್ಲರ ಹಿತಕ್ಕಾಗಿ ಅದು ಇರುತ್ತದೆ. ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಇಲ್ಲಿ ಸರ್ಕಾರ ವಸ್ತುವನ್ನು ಕೊಳ್ಳಲಿಲ್ಲ, ಪದಕ ಕೊಡಲಿಲ್ಲ. ಕಸಬುದಾರರು ತಾವಾಗಿ ಪಡೆಯಲಾಗದ ಒಂದು ರಕ್ಷಣೆಯನ್ನು ಕಾನೂನಿನ ಮೂಲಕ ಒದಗಿಸಿತು. ಇದನ್ನು ಪಾಲುದಾರಿಕೆಯ ಮೊದಲ ಮೆಟ್ಟಿಲೆನ್ನಬಹುದು.

ಇನ್ನು ಮಣ್ಣಿನ ಮಾತು. ಬೀದರ್ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಿತ ಸ್ಮಾರಕದ ಆವರಣದಲ್ಲಿ ಯಾರು ಬೇಕಾದರೂ ಅಗೆಯುವಂತಿಲ್ಲ, ಅದು ಸರಿಯಾದುದೇ. ಆದರೆ ಬಿದರಿಗೆ ಆ ಮಣ್ಣೇ ಬೇಕು. ಒಂದು ಪರಂಪರೆಯನ್ನು ಕಾಯುವ ನಿಯಮ ಇನ್ನೊಂದು ಪರಂಪರೆಯ ಬಾಯಿ ಕಟ್ಟಬಾರದು. ಇದಕ್ಕೆ ಉತ್ತರ ಕಾಯಿದೆ ಪುಸ್ತಕದಲ್ಲಿ ಸಿಗುವುದಿಲ್ಲ. ಕುಶಲಕರ್ಮಿಗಳೂ ಇಲಾಖೆಯವರೂ ಒಂದು ಮೇಜಿನ ಸುತ್ತ ಕುಳಿತು, ಎಲ್ಲಿಂದ, ಎಷ್ಟು, ಯಾರ ಮೂಲಕ ಎಂದು ಬರೆದುಕೊಂಡರೆ ಸಿಗುತ್ತದೆ. ಕಾರ್ಯಾಗಾರಕ್ಕೂ ಆಡಳಿತಕ್ಕೂ ಒಪ್ಪಂದ ಏಕೆ ಬೇಕೆಂದು ಕೇಳುವವರಿಗೆ ಆ ಒಂದು ಬುಟ್ಟಿ ಮಣ್ಣನ್ನು ತೋರಿಸಿದರೆ ಸಾಕು.

ಊರಿನವರು ತಾವೇ ಕಟ್ಟಿದ ಸಂಸ್ಥೆ ಆಡಳಿತದೊಡನೆ ಹೇಗೆ ಬಾಳಬಹುದೆಂಬುದಕ್ಕೆ ಭಾಲ್ಕಿಯವರಿಗೆ ದೂರದ ಉದಾಹರಣೆ ಬೇಕಿಲ್ಲ. ಕಮಲನಗರದಲ್ಲಿ 1889ರಲ್ಲಿ ಜನಿಸಿ, ಭಾಲ್ಕಿ ಹಿರೇಮಠದ ಪೀಠವನ್ನೇರಿ, 1999ರಲ್ಲಿ ಲಿಂಗೈಕ್ಯರಾದ ಪೂಜ್ಯ ಚನ್ನಬಸವ ಪಟ್ಟದ್ದೇವರನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆಯೂ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದ ಕಾಲದಲ್ಲಿ, ಹೊರಗೆ ಉರ್ದು ನಾಮಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಶಾಲೆಯ ಕಥೆ ನಮ್ಮ ಮನೆಮಾತು. ಅವರು ಆಡಳಿತದೊಡನೆ ಜಗಳವಾಡಿ ಶಾಲೆಯನ್ನು ಮುಚ್ಚಿಸಿಕೊಳ್ಳಲಿಲ್ಲ. ಹೇಳಿದಂತೆ ಕೇಳಿ ಕನ್ನಡವನ್ನೂ ಬಿಡಲಿಲ್ಲ. ಸಂಸ್ಥೆಯ ಬೇರು ಭಕ್ತರ ಮನೆಗಳಲ್ಲಿದ್ದುದರಿಂದಲೇ ಆ ಧೈರ್ಯ ಸಾಧ್ಯವಾಯಿತು. ಇಂದಿನದು ನಾವೇ ಆರಿಸಿದ ಸರ್ಕಾರ, ಫಲಕವನ್ನು ಮರೆಮಾಚುವ ಅಗತ್ಯವಿಲ್ಲ. ಆದರೂ ಪಾಲುದಾರಿಕೆಗೆ ಕೂಡುವ ಮೊದಲು ತನ್ನ ಕಾಲ ಮೇಲೆ ತಾನು ನಿಂತಿರಬೇಕೆಂಬ ಪಾಠ ಹಳೆಯದಾಗಿಲ್ಲ.

ಇದಕ್ಕೆ ವಿರುದ್ಧವಾದ ಅನುಭವವೂ ನನಗಾಗಿದೆ. ಔರಾದ ತಾಲೂಕಿನ ಒಂದು ಶಾಲೆಯಲ್ಲಿ ನಾನು ಕೆಲವು ವರ್ಷ ಇದ್ದೆ. ಅಲ್ಲಿಗೆ ಕಾರ್ಯಾನುಭವದ ಪಾಠಕ್ಕೆಂದು ಒಂದು ಕಬ್ಬಿಣದ ಕಪಾಟಿನ ತುಂಬ ಗರಗಸ, ಉಳಿ, ಕೈದಾಳಿ, ತಿರುಪುಳಿ, ಅಳತೆಪಟ್ಟಿಗಳು ಬಂದಿದ್ದವು. ದಾಸ್ತಾನು ಪುಸ್ತಕದಲ್ಲಿ ಒಂದೊಂದನ್ನೂ ಬರೆದು, ಸಹಿ ಮಾಡಿ, ಬೀಗ ಹಾಕಲಾಯಿತು. ಮಕ್ಕಳಿಗೆ ಕೊಡೋಣವೆಂದು ನಾನು ಕೇಳಿದಾಗ ಮುಖ್ಯೋಪಾಧ್ಯಾಯರು, "ಗುರುಗಳೇ, ಒಂದು ಮುರುದ್ರೂ ಆಡಿಟ್‌ನ್ಯಾಗ ಉತ್ತರ ಕೊಡಾವ್ರು ಯಾರ್ರಿ?" ಎಂದರು. ಅವರು ಕೆಟ್ಟವರಲ್ಲ; ನಿವೃತ್ತಿಗೆ ಎರಡು ವರ್ಷವಿತ್ತು, ಪಿಂಚಣಿಯ ಭಯವಿತ್ತು. ನಾನೂ ಎರಡನೆಯ ಸಲ ಕೇಳಲಿಲ್ಲ, ಅದು ನನ್ನ ತಪ್ಪು. ವರ್ಗವಾಗಿ ಹೊರಡುವ ದಿನ ಪ್ರಭಾರ ಒಪ್ಪಿಸಲು ಕಪಾಟು ತೆರೆದಾಗ ಗರಗಸದ ಮೇಲಿನ ಕಾಗದವೂ ಬಿಚ್ಚಿರಲಿಲ್ಲ. ಒಳಗೆ ಅಲಗು ತುಕ್ಕು ಹಿಡಿದಿತ್ತು. ಲೆಕ್ಕ ಮಾತ್ರ ಸರಿಯಾಗಿತ್ತು. ಆ ತರಗತಿಯ ಮಕ್ಕಳಲ್ಲಿ ಈ ಬರಹ ಓದುತ್ತಿರುವವರು ನನ್ನನ್ನು ಕ್ಷಮಿಸಬೇಕು.

ಈ ಬೀಗದ ರೋಗ ಸಣ್ಣದೆಂದು ತಿಳಿಯಬೇಡಿ. 2016ರಲ್ಲಿ ಕೇಂದ್ರ ಸರ್ಕಾರ ಅಟಲ್ ಇನೋವೇಶನ್ ಮಿಷನ್ ಆರಂಭಿಸಿ, ಆಯ್ದ ಶಾಲೆಗಳಲ್ಲಿ ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಟಿಂಕರಿಂಗ್ ಪ್ರಯೋಗಾಲಯಗಳನ್ನು ಕೊಟ್ಟಿತು. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು: ಅರ್ಧ ಸ್ಥಾಪನೆಗೆ, ಅರ್ಧ ಮುಂದಿನ ವರ್ಷಗಳ ನಿರ್ವಹಣೆಗೆ. ನಿರ್ವಹಣೆಗೆ ಬೇರೆಯೇ ಹಣ ತೆಗೆದಿರಿಸಿದ್ದನ್ನು ನೋಡಿ ನನಗೆ ಸಂತೋಷವಾಯಿತು. ಉಪಕರಣ ಸವೆಯುತ್ತದೆ, ಸವೆಯಲೇಬೇಕು ಎಂದು ಆದೇಶ ಬರೆದವರು ಒಪ್ಪಿಕೊಂಡಂತಾಯಿತು.

ಕೂಡಿ ಬಳಸುವ ಕಾರ್ಯಾಗಾರದ ಹೊಸ ರೂಪ ನಮಗೆ ಅಮೆರಿಕದಿಂದ ನೇರವಾಗಿ ಬರಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿಯೇ ಇದೆ. ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯಲ್ಲಿ ಡಾ. ಎಸ್. ಎಸ್. ಕಲಬಾಗ ಅವರು 1983ರಲ್ಲಿ ವಿಜ್ಞಾನ ಆಶ್ರಮ ಸ್ಥಾಪಿಸಿದರು. ಶಾಲೆ ಬಿಟ್ಟ ಹಳ್ಳಿಯ ಹುಡುಗರು ಬೆಸುಗೆ, ಕಟ್ಟಡ, ಬೇಸಾಯ, ವಿದ್ಯುತ್ ಕೆಲಸಗಳನ್ನು ಕೈಯಾರೆ ಮಾಡಿ ಕಲಿಯುವ ಜಾಗ ಅದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಫ್ಯಾಬ್ ಲ್ಯಾಬ್ ಎಂಬ ಕಾರ್ಯಾಗಾರ 2002ರಲ್ಲಿ ಅಲ್ಲಿಗೆ ಬಂತು. ಆ ಸಂಸ್ಥೆಯ ಹೊರಗೆ ತೆರೆದ ಮೊಟ್ಟಮೊದಲನೆಯವುಗಳಲ್ಲಿ ಅದೂ ಒಂದು. ಮೊದಲೇ ದುಡಿಯುವ ಕೈಗಳಿದ್ದವು, ಆಮೇಲೆ ಯಂತ್ರ ಬಂತು ಎಂಬ ಕ್ರಮವನ್ನು ಗುರುತಿಸಿಕೊಳ್ಳಿ.

ಕ್ರಮ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸ್ಪೇನಿನ ಬಾರ್ಸಿಲೋನಾ ಸಾಕ್ಷಿ. ಅಲ್ಲಿಯ ನಗರಾಡಳಿತ 2013ರ ಸುಮಾರಿಗೆ ಬಡಾವಣೆಗಳಲ್ಲಿ ಸಾರ್ವಜನಿಕ ಕಾರ್ಯಾಗಾರಗಳನ್ನು ತೆರೆಯಲು ಹೊರಟಿತು. ಸಿಯುತಾತ್ ಮೆರಿಡಿಯಾನಾ ಎಂಬ ಬಡವರ ಬಡಾವಣೆಯಲ್ಲಿ ಇದಕ್ಕಾಗಿ ಆರಿಸಿದ ಕಟ್ಟಡವನ್ನು ನಿವಾಸಿಗಳು ಹಸಿದವರಿಗೆ ಆಹಾರ ಹಂಚಲು ಬಳಸುತ್ತಿದ್ದರು. ಅನ್ನದ ಜಾಗದಲ್ಲಿ ಯಂತ್ರವೇ ಎಂದು ಜನ ಕೆರಳಿ ಕಟ್ಟಡದೊಳಗೆ ಹೋಗಿ ಕುಳಿತರು. ಮಾತುಕತೆಯಾದ ಮೇಲೆಯೇ ಕೆಲಸ ಮುಂದುವರಿಯಿತು. ಉದ್ದೇಶ ಒಳ್ಳೆಯದಿತ್ತು, ಹಣವೂ ಇತ್ತು; ಕೇಳುವ ಕೆಲಸವೊಂದೇ ಬಾಕಿ ಉಳಿದಿತ್ತು.

ಹಾಗಾದರೆ ಪಾಲಿಕೆ ಜಾಗ ಕೊಡಬಹುದೇ ಎಂಬ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ ಬೀದರ್ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸಲು ತೀರ್ಮಾನಿಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳನ್ನು ಪಟ್ಟಿಮಾಡಿದೆ. ನೀರು, ರಸ್ತೆ, ನೈರ್ಮಲ್ಯಗಳ ಜೊತೆಗೆ ನಗರ ಬಡತನದ ನಿವಾರಣೆಯೂ, ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಪ್ರೋತ್ಸಾಹವೂ ಅದರಲ್ಲಿವೆ. ಆದ್ದರಿಂದ ಇದು ನಮ್ಮ ಕೆಲಸವಲ್ಲವೆಂದು ಯಾರಾದರೂ ಹೇಳಿದರೆ ವಿನಯದಿಂದ ಆ ಅನುಸೂಚಿಯನ್ನು ಅವರ ಮುಂದಿಡಿ.

ಆದರೆ ಜಾಗ ಸಿಕ್ಕಿತೆಂದು ಹಿಗ್ಗುವ ಮೊದಲು ನೌಬಾದಿನ ಕರೇಜನ್ನು ಒಮ್ಮೆ ನೋಡಿ ಬನ್ನಿ. ನೆಲದಡಿಯಲ್ಲಿ ಸುರಂಗ ಕೊರೆದು, ಇಳಿಜಾರಿನಲ್ಲಿ ನೀರನ್ನು ತಾನಾಗಿ ಹರಿಸಿ, ಅಲ್ಲಲ್ಲಿ ಗಾಳಿಗೂ ಹೂಳೆತ್ತಲಿಕ್ಕೂ ಬಾವಿಗಳನ್ನು ತೋಡಿದ ಈ ವ್ಯವಸ್ಥೆ ಬಹಮನಿ ಕಾಲದ್ದು. ಶುಕ್ಲತೀರ್ಥ, ಜಮ್ನಾ ಮೋರಿಗಳೂ ಇದೇ ಜಾತಿಯವು. ಕಾಲಾಂತರದಲ್ಲಿ ಆ ಬಾವಿಗಳಿಗೆ ಮಣ್ಣೂ ಕಸವೂ ಬಿದ್ದು ಊರೇ ಅವನ್ನು ಮರೆತಿತ್ತು. ಕೇರಳದ ಭೂಗೋಳ ಪ್ರಾಧ್ಯಾಪಕ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಅವರ ಅಧ್ಯಯನ, ಜಿಲ್ಲಾಡಳಿತದ ಆಸಕ್ತಿ, ಊರಿನ ಯುವಕರ ಶ್ರಮ ಸೇರಿ 2014ರಿಂದೀಚೆಗೆ ನೌಬಾದಿನ ಕರೇಜಿನ ಹೂಳೆತ್ತುವ ಕೆಲಸ ನಡೆಯಿತು. ತಜ್ಞ, ಆಡಳಿತ, ಜನ ಮೂವರೂ ಕೂಡಿದರೆ ಐನೂರು ವರ್ಷದ ಹೂಳೂ ಏಳುತ್ತದೆ. ಆದರೆ ಸುರಂಗಕ್ಕೆ ಒಂದು ಸಲದ ಉದ್ಘಾಟನೆ ಸಾಲದು. ಒಂದು ಬಾವಿಯನ್ನು ನೋಡಿಕೊಳ್ಳದಿದ್ದರೂ ಹೂಳು ಮತ್ತೆ ಅಲ್ಲಿಂದಲೇ ಆರಂಭವಾಗುತ್ತದೆ. ಕಾರ್ಯಾಗಾರಕ್ಕೂ ಅದೇ ಮಾತು ಸಲ್ಲುತ್ತದೆ.

ಆದುದರಿಂದ ನನ್ನ ವಿದ್ಯಾರ್ಥಿಗೆ ಹೇಳುವುದು ಇಷ್ಟು. ಮೊದಲನೆಯದಾಗಿ, ಪಾಲಿಕೆಯ ಬಾಗಿಲಿಗೆ ಹೋಗುವ ಮುನ್ನ ಬಿದರಿ ಕಸಬುದಾರರ ಬಾಗಿಲಿಗೆ ಹೋಗು. ಅವರಿಗೆ ಬೇಕಾದುದು ಹೊಗೆ ಹೊರಹೋಗುವ ಕುಲುಮೆಯೋ, ಧೂಳು ಹೀರುವ ನುಣುಪು ಯಂತ್ರವೋ, ಹೊಸ ಅಚ್ಚಿನ ಮಾದರಿಯೋ ಎಂದು ಅವರೇ ಹೇಳಲಿ. ಎರಡನೆಯದಾಗಿ, ಬಾಯಿಮಾತಿನ ಭರವಸೆ ಬೇಡ. ಅಧಿಕಾರಿಗಳು ವರ್ಗವಾಗುತ್ತಾರೆ, ಕಾಗದ ಉಳಿಯುತ್ತದೆ. ಜಾಗ ಎಷ್ಟು ವರ್ಷಕ್ಕೆ, ವಿದ್ಯುತ್ ಬಿಲ್ಲು ಯಾರದು, ಕೀಲಿಕೈ ಯಾರ ಬಳಿ, ಕೈಗೆ ಪೆಟ್ಟಾದರೆ ಹೊಣೆ ಯಾರದು ಎಂಬುದನ್ನು ಕನ್ನಡದಲ್ಲಿಯೇ, ಕುಶಲಕರ್ಮಿಗಳಿಗಾಗಿ ಉರ್ದುವಿನಲ್ಲಿಯೂ, ಬರೆಯಿಸು. ಮೂರನೆಯದಾಗಿ, ಉಪಕರಣ ಸವೆದರೆ, ಮುರಿದರೆ ಅದನ್ನು ತಪ್ಪೆಂದು ಎಣಿಸದ ಒಂದು ವಾಕ್ಯ ಆ ಕಾಗದದಲ್ಲಿರಲಿ. ಔರಾದಿನ ಕಪಾಟಿನ ಕಥೆ ಅಲ್ಲಿಗಾದರೂ ಮುಗಿಯಲಿ. ನಾಲ್ಕನೆಯದಾಗಿ, ಬೀದರಿಗಷ್ಟೇ ನಿಲ್ಲಬೇಡ. ಭಾಲ್ಕಿಯಲ್ಲಿ 1982ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಹುಡುಗರು ವಾರಕ್ಕೊಮ್ಮೆ ಬಂದು ಮಣ್ಣಿನ ರುಚಿ ನೋಡುವ ಹಿರಿಯರ ಪಕ್ಕ ಕೂರಲಿ. ಔರಾದಿನಿಂದ ಬರುವ ಶಾಲಾ ಮಕ್ಕಳಿಗೆ ಶನಿವಾರ ಒಂದು ಬಸ್ಸಿನ ಖರ್ಚು ಯಾರಾದರೂ ವಹಿಸಿಕೊಳ್ಳಲಿ. ಮೊದಲ ವರ್ಷದ್ದು ನನ್ನ ಪಿಂಚಣಿಯಿಂದ ಕೊಡುತ್ತೇನೆ, ಬರೆದುಕೊ.

ಬಿದರಿಯ ಕಪ್ಪು ಬರಬೇಕಾದರೆ ಕೋಟೆಯ ಮಣ್ಣೂ ಬೇಕು, ಕಾರ್ಖಾನೆಯ ಕೈಯೂ ಬೇಕು. ಮಣ್ಣು ಸರ್ಕಾರದ ವಶದಲ್ಲಿದೆ, ಕೈ ಕಸಬುದಾರರದು. ಆರು ಶತಮಾನ ಇವೆರಡೂ ಹೇಗೋ ಸೇರುತ್ತ ಬಂದಿವೆ. ಇನ್ನು ಮುಂದೆ ಕುಶಲಕರ್ಮಿಗಳ ಮಕ್ಕಳು ಈ ಕಸಬಿನಲ್ಲಿ ಉಳಿಯುವರೋ, ಆಟೋ ಓಡಿಸಲು ಹೈದರಾಬಾದಿಗೆ ಹೋಗುವರೋ ಎಂಬುದು ಈ ಸೇರುವಿಕೆ ಎಷ್ಟು ಗಟ್ಟಿಯಾಗುತ್ತದೆಂಬುದರ ಮೇಲೆ ನಿಂತಿದೆ.

ನಿಮ್ಮಲ್ಲಿ ಪಾಲಿಕೆಯಲ್ಲಿಯೋ, ಕೈಗಾರಿಕಾ ಇಲಾಖೆಯಲ್ಲಿಯೋ ಕೆಲಸದಲ್ಲಿರುವವರು ಇದ್ದರೆ ನನಗೆ ಬರೆಯಿರಿ. ಆ ಹುಡುಗನಿಗೆ ನಿಮ್ಮ ಪರಿಚಯ ಮಾಡಿಸುತ್ತೇನೆ. ಎಲ್ಲರಿಗೂ ಶುಭವಾಗಲಿ.